ಪ್ರೀ-ಮೆಡ್ ಮಕ್ಕಳಿಗೆ ಯಾವ ಮೇಜರ್ ಕಷ್ಟ?

ಅಮೆರಿಕದಲ್ಲಿ ಡಾಕ್ಟರ್ ಆಗಬೇಕು ಅಂತಿರುವ ಮಕ್ಕಳ ಅಪ್ಪ ಅಮ್ಮಂದಿರು ನನ್ನನ್ನು ಮೊದಲು ಕೇಳುವುದು ಮೇಜರ್, ಅಂದರೆ ಡಿಗ್ರಿಯಲ್ಲಿ ಮುಖ್ಯವಾಗಿ ಓದುವ ವಿಷಯದ ಬಗ್ಗೆಯೇ. "ಯಾವ ಮೇಜರ್ ತಗೊಂಡ್ರೆ ಒಳ್ಳೇದು? ಬಯಾಲಜಿ ಈಸಿ ಅಲ್ವಾ? ಬಯೋಮೆಡಿಕಲ್ ಎಂಜಿನಿಯರಿಂಗ್ ತಗೊಂಡ್ರೆ ವೇಟೇಜ್ ಜಾಸ್ತಿ ಸಿಗುತ್ತಂತೆ, ಹೌದಾ?" ನಾನು ಇಲ್ಲಿನ ಒಂದು ಸ್ಟೇಟ್ ಯೂನಿವರ್ಸಿಟಿಯಲ್ಲಿ ಕೆಮಿಸ್ಟ್ರಿ ಪಾಠ ಮಾಡುತ್ತೇನೆ. ನನ್ನ ಕ್ಲಾಸಿನಲ್ಲಿ ಕೂರುವವರಲ್ಲಿ ಹೆಚ್ಚಿನವರು ಪ್ರೀ-ಮೆಡ್ ಮಕ್ಕಳೇ, ಅಂದರೆ ಮುಂದೆ ಮೆಡಿಕಲ್ ಸ್ಕೂಲ್ ಸೇರಲು ತಯಾರಾಗುತ್ತಿರುವವರು. ಈ ಪ್ರಶ್ನೆಗೆ ಎರಡು ಮಾತಿನಲ್ಲಿ ಉತ್ತರ ಕೊಟ್ಟು ಕಳಿಸಲು ನನಗೆ ಮನಸ್ಸು ಬರುವುದಿಲ್ಲ. ಹಾಗಾಗಿ ಉದ್ದವಾಗಿಯೇ ಬರೆಯುತ್ತಿದ್ದೇನೆ.

ಊರಿನಲ್ಲಿ ನಾವು ಕಂಡ ದಾರಿ ಬೇರೆ. ಪಿಯುಸಿಯಲ್ಲಿ ಪಿಸಿಎಂಬಿ, ಆಮೇಲೆ ಎಂಟ್ರೆನ್ಸ್, ರ‍್ಯಾಂಕ್, ಕೌನ್ಸೆಲಿಂಗ್, ಸೀಟು. ಹದಿನೆಂಟಕ್ಕೆ ಎಂಬಿಬಿಎಸ್ ಶುರು. ಇಲ್ಲಿ ಮೊದಲು ನಾಲ್ಕು ವರ್ಷದ ಡಿಗ್ರಿ, ಆಮೇಲೆ ನಾಲ್ಕು ವರ್ಷ ಮೆಡಿಕಲ್ ಸ್ಕೂಲ್, ಅದರ ಮೇಲೆ ಮೂರರಿಂದ ಏಳು ವರ್ಷ ರೆಸಿಡೆನ್ಸಿ, ಅಂದರೆ ಆಸ್ಪತ್ರೆಯಲ್ಲಿ ತರಬೇತಿ. ಆ ಮೊದಲ ಡಿಗ್ರಿ ಯಾವುದರಲ್ಲಿ ಬೇಕಾದರೂ ಇರಬಹುದು. ಹೆಚ್ಚಿನ ಕಾಲೇಜುಗಳಲ್ಲಿ ಪ್ರೀ-ಮೆಡ್ ಅನ್ನುವ ಮೇಜರೇ ಇಲ್ಲ. ಇರುವುದು ಒಂದಷ್ಟು ಕೋರ್ಸುಗಳ ಪಟ್ಟಿ. ಲ್ಯಾಬ್ ಸಮೇತ ಒಂದು ವರ್ಷ ಬಯಾಲಜಿ, ಒಂದು ವರ್ಷ ಜನರಲ್ ಕೆಮಿಸ್ಟ್ರಿ, ಆರ್ಗ್ಯಾನಿಕ್, ಫಿಸಿಕ್ಸ್, ಬಯೋಕೆಮಿಸ್ಟ್ರಿ, ಜೊತೆಗೆ ಸ್ವಲ್ಪ ಗಣಿತ ಅಥವಾ ಸ್ಟ್ಯಾಟಿಸ್ಟಿಕ್ಸ್, ಇಂಗ್ಲಿಷ್. 2015ರಲ್ಲಿ ಮೆಡಿಕಲ್ ಸ್ಕೂಲಿನ ಪ್ರವೇಶ ಪರೀಕ್ಷೆ ಎಂಕ್ಯಾಟ್ ಬದಲಾದ ಮೇಲೆ ಸೈಕಾಲಜಿ, ಸೋಷಿಯಾಲಜಿಯನ್ನೂ ಓದಿಕೊಂಡಿರಬೇಕು.

ಈ ಪಟ್ಟಿ ಹೆಚ್ಚು ಕಡಿಮೆ ಎಲ್ಲರಿಗೂ ಒಂದೇ. ಇತಿಹಾಸ ಓದುವವಳೂ ಆರ್ಗ್ಯಾನಿಕ್ ಮಾಡಬೇಕು, ಎಂಜಿನಿಯರಿಂಗ್ ಓದುವವನೂ ಮಾಡಬೇಕು. ಹಾಗಾದರೆ ಮೇಜರ್‌ನ ಕಷ್ಟ ಎಲ್ಲಿದೆ? ಈ ಪಟ್ಟಿಯ ಮೇಲೆ ಇನ್ನೆಷ್ಟು ಹೊರೆ ಬೀಳುತ್ತದೆ ಅನ್ನುವುದರಲ್ಲಿದೆ. ಆ ಹೊರೆಯನ್ನು ನಿಮ್ಮ ಮಗಳು ಅಥವಾ ಮಗ ಇಷ್ಟಪಟ್ಟು ಹೊರುತ್ತಾರಾ ಅನ್ನುವುದರಲ್ಲಿದೆ.

ಬಯೋಮೆಡಿಕಲ್ ಎಂಜಿನಿಯರಿಂಗ್ ಬಗ್ಗೆ ನೇರವಾಗಿ ಹೇಳುತ್ತೇನೆ, ಯಾಕಂದರೆ ನಮ್ಮವರ ಮನೆಗಳಲ್ಲಿ ಅದರ ಮೇಲೆ ಮೋಹ ಜಾಸ್ತಿ. ಹೆಸರಿನಲ್ಲಿ ಮೆಡಿಕಲ್ಲೂ ಇದೆ, ಎಂಜಿನಿಯರಿಂಗೂ ಇದೆ. ಆದರೆ ಒಳಗೆ ಮಲ್ಟಿವೇರಿಯಬಲ್ ಕ್ಯಾಲ್ಕುಲಸ್ ಇದೆ, ಡಿಫರೆನ್ಷಿಯಲ್ ಈಕ್ವೇಷನ್ಸ್ ಇದೆ, ಸರ್ಕ್ಯೂಟ್ಸ್, ಮೆಕ್ಯಾನಿಕ್ಸ್, ಪ್ರೋಗ್ರಾಮಿಂಗ್, ಕೊನೆಯ ವರ್ಷ ಡಿಸೈನ್ ಪ್ರಾಜೆಕ್ಟ್ ಇದೆ. ಇವುಗಳಲ್ಲಿ ಹೆಚ್ಚಿನವು ಮೆಡಿಕಲ್ ಸ್ಕೂಲ್ ಕೇಳುವ ಪಟ್ಟಿಯಲ್ಲಿ ಇಲ್ಲ. ಎಷ್ಟೋ ಕಡೆ ಎರಡನೇ ಸೆಮಿಸ್ಟರ್ ಆರ್ಗ್ಯಾನಿಕ್ ಈ ಡಿಗ್ರಿಯ ಭಾಗವೇ ಅಲ್ಲ. ಬೇಸಿಗೆ ರಜೆಯಲ್ಲೋ, ಮೊದಲೇ ತುಂಬಿ ತುಳುಕುತ್ತಿರುವ ಸೆಮಿಸ್ಟರ್‌ನಲ್ಲೋ ಅದನ್ನು ತುರುಕಬೇಕು.

"ಕಷ್ಟದ್ದು ಓದಿದಾಳೆ ಅಂತ ಅವರು ನೋಡ್ತಾರಲ್ಲ?" ಅಂತ ಕೇಳುತ್ತಾರೆ. ಅಷ್ಟಾಗಿ ನೋಡುವುದಿಲ್ಲ. ಅಲೋಪಥಿ ಮೆಡಿಕಲ್ ಸ್ಕೂಲ್‌ಗಳ ಅರ್ಜಿ ಬಹುಪಾಲು ಎಎಂಕ್ಯಾಸ್ ಅನ್ನುವ ಒಂದೇ ಅರ್ಜಿ ವ್ಯವಸ್ಥೆಯ ಮೂಲಕ ಹೋಗುತ್ತದೆ. ಅಲ್ಲಿ ಗ್ರೇಡುಗಳನ್ನು ಒಂದೇ ಅಳತೆಯಲ್ಲಿ ಜಿಪಿಎಗೆ, ಅಂದರೆ ಎ ಬಂದರೆ 4.0 ಅನ್ನುವ ಲೆಕ್ಕದ ಸರಾಸರಿಗೆ, ಇಳಿಸುತ್ತಾರೆ. ಸರ್ಕ್ಯೂಟ್ಸ್‌ನಲ್ಲಿ ಬಂದ ಬಿಗೂ 3.0, ಫಿಲ್ಮ್ ಸ್ಟಡೀಸ್‌ನಲ್ಲಿ ಬಂದ ಬಿಗೂ 3.0. ಕಷ್ಟದ ಮೇಜರ್ ಅಂತ ಸೇರಿಸಿ ಕೊಡುವ ಅಂಕ ಇಲ್ಲ. ಬಯಾಲಜಿ, ಕೆಮಿಸ್ಟ್ರಿ, ಫಿಸಿಕ್ಸ್, ಗಣಿತ ಈ ನಾಲ್ಕರದ್ದು ಬೇರೆಯಾಗಿ ಸೈನ್ಸ್ ಜಿಪಿಎ ಲೆಕ್ಕ ಹಾಕುತ್ತಾರೆ. ಎಂಜಿನಿಯರಿಂಗ್ ಕೋರ್ಸುಗಳು ಸಾಮಾನ್ಯವಾಗಿ ಅದರೊಳಗೆ ಬರುವುದೂ ಇಲ್ಲ. ಒಂದು ಕೋರ್ಸ್ ಫೇಲಾಗಿ ಮತ್ತೆ ಮಾಡಿದರೆ ಎರಡೂ ಗ್ರೇಡ್ ಲೆಕ್ಕಕ್ಕೆ ಬರುತ್ತವೆ. ಇದು ಎಷ್ಟೋ ಮಕ್ಕಳಿಗೆ ಮೂರನೇ ವರ್ಷದಲ್ಲಿ ಗೊತ್ತಾಗುತ್ತದೆ.

ಲೆಕ್ಕ ಮಾಡಿ ನೋಡಿ. 120 ಕ್ರೆಡಿಟ್‌ನ ಡಿಗ್ರಿ. ಮೊದಲ 60 ಕ್ರೆಡಿಟ್ ಮುಗಿದಾಗ ಜಿಪಿಎ 3.5 ಇದೆ. ಕೆಟ್ಟದ್ದೇನಲ್ಲ. ಆದರೆ ಕೊನೆಗೆ 3.7 ಆಗಬೇಕಾದರೆ ಉಳಿದ 60 ಕ್ರೆಡಿಟ್‌ನಲ್ಲಿ 3.9 ಬರಬೇಕು, ಅಂದರೆ ಹೆಚ್ಚು ಕಡಿಮೆ ಎಲ್ಲದರಲ್ಲೂ ಎ. ಮೆಡಿಕಲ್ ಸ್ಕೂಲ್ ಸೇರುವವರ ಸರಾಸರಿ ಜಿಪಿಎ ಈಗ 3.7 ದಾಟಿದೆ. ಎಂಜಿನಿಯರಿಂಗ್‌ನ ಕೊನೆಯ ಎರಡು ವರ್ಷದಲ್ಲಿ 3.9 ತೆಗೆಯುವ ಮಕ್ಕಳಿದ್ದಾರೆ, ಖಂಡಿತ ಇದ್ದಾರೆ. ಅವರು ಎಂಜಿನಿಯರಿಂಗ್ ಇಷ್ಟಪಟ್ಟು ಬಂದವರು. ಮೇ ಜೆಮಿಸನ್ ಸ್ಟ್ಯಾನ್‌ಫರ್ಡ್‌ನಲ್ಲಿ ಕೆಮಿಕಲ್ ಎಂಜಿನಿಯರಿಂಗ್ ಓದಿ, ಕಾರ್ನೆಲ್‌ನಲ್ಲಿ ಡಾಕ್ಟರ್ ಆಗಿ, 1992ರಲ್ಲಿ ಬಾಹ್ಯಾಕಾಶಕ್ಕೂ ಹೋಗಿ ಬಂದರು. ಅರ್ಜಿಯಲ್ಲಿ ಚೆಂದ ಕಾಣಲಿ ಅಂತ ಮಾತ್ರ ಎಂಜಿನಿಯರಿಂಗ್‌ಗೆ ಕಳಿಸಬೇಡಿ ಅನ್ನುವುದು ನನ್ನ ಕಳಕಳಿ.

ಇನ್ನು ಬಯಾಲಜಿ ಈಸಿ ಅನ್ನುವ ಮಾತು. ಕೋರ್ಸುಗಳ ಹೊಂದಾಣಿಕೆ ನೋಡಿದರೆ ಅದು ಅನುಕೂಲವೇ. ಪ್ರೀ-ಮೆಡ್ ಪಟ್ಟಿಯ ಬಹುಪಾಲು ಡಿಗ್ರಿಯೊಳಗೇ ಮುಗಿಯುತ್ತದೆ. ಅರ್ಜಿ ಹಾಕುವವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಬಯಾಲಜಿ ಕಡೆಯವರೇ ಆಗಿರುವುದು ಇದೇ ಕಾರಣಕ್ಕೆ. ಆದರೆ ಅದರ ಕಷ್ಟ ಇರುವುದೂ ಅಲ್ಲೇ. ದೊಡ್ಡ ಯೂನಿವರ್ಸಿಟಿಯ ಬಯಾಲಜಿ ಕ್ಲಾಸಿನಲ್ಲಿ ಮುನ್ನೂರು ಜನ ಕೂತಿರುತ್ತಾರೆ, ಬಹುತೇಕ ಎಲ್ಲರಿಗೂ ಎ ಬೇಕು. ಗ್ರೇಡ್ ಕರ್ವ್ ಮೇಲೆ, ಅಂದರೆ ಇಡೀ ಕ್ಲಾಸಿನ ಅಂಕಗಳಿಗೆ ಹೋಲಿಸಿ, ಹಾಕುವ ಕಡೆ ಪಕ್ಕದವನ ಅಂಕ ನಿಮ್ಮ ಮಗುವಿನ ಗ್ರೇಡನ್ನು ತೀರ್ಮಾನಿಸುತ್ತದೆ. ಪ್ರೊಫೆಸರ್‌ಗೆ ಹೆಸರು ಕೂಡ ಗೊತ್ತಿರುವುದಿಲ್ಲ. ಎರಡು ವರ್ಷ ಬಿಟ್ಟು ಶಿಫಾರಸು ಪತ್ರ ಬೇಕಾದಾಗ ಏನು ಮಾಡುವುದು?

ಈ ಒತ್ತಡ ಎಷ್ಟಿದೆ ಅಂತ ತಿಳಿಯಲು 2022ರ ನ್ಯೂಯಾರ್ಕ್ ಯೂನಿವರ್ಸಿಟಿಯ ಪ್ರಕರಣ ನೋಡಿ. ಆರ್ಗ್ಯಾನಿಕ್ ಕೆಮಿಸ್ಟ್ರಿ ಕಲಿಸುವುದರಲ್ಲಿ ಹೆಸರು ಮಾಡಿದ ಮೇಟ್‌ಲ್ಯಾಂಡ್ ಜೋನ್ಸ್ ಅವರ ಕ್ಲಾಸಿನ 350 ಜನರಲ್ಲಿ 82 ಮಂದಿ, ಕೋರ್ಸ್ ವಿಪರೀತ ಕಷ್ಟ, ಅಂಕ ತೀರಾ ಕಡಿಮೆ ಅಂತ ದೂರು ಕೊಟ್ಟರು. ಯೂನಿವರ್ಸಿಟಿ ಅವರನ್ನು ಕೆಲಸದಿಂದ ತೆಗೆಯಿತು. ಯಾರದು ಸರಿ ಅಂತ ಇಲ್ಲಿ ವಾದ ಮಾಡುವುದಿಲ್ಲ. ಆರ್ಗ್ಯಾನಿಕ್‌ನ ಒಂದು ಗ್ರೇಡ್ ಮೇಲೆ ಇಡೀ ಬದುಕು ನಿಂತಿದೆ ಅಂತ ನಂಬಿಕೊಂಡ ಮಕ್ಕಳು ಅವರು. ಅಂಥ ಮಕ್ಕಳು ನನ್ನ ಆಫೀಸಿಗೂ ಬಂದು ಅಳುತ್ತಾರೆ. ಆರ್ಗ್ಯಾನಿಕ್ ಬಾಯಿಪಾಠದ ವಿಷಯ ಅಲ್ಲ. ಎಲೆಕ್ಟ್ರಾನ್ ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಅಂತ ನೋಡಲು ಕಲಿಯಬೇಕು. ಬಯಾಲಜಿಯನ್ನು ನೆನಪಿನ ಶಕ್ತಿಯಿಂದಲೇ ಗೆದ್ದು ಬಂದ ಮಕ್ಕಳು ಇಲ್ಲಿ ಮೊದಲ ಬಾರಿಗೆ ಎಡವುತ್ತಾರೆ.

ಕೆಮಿಸ್ಟ್ರಿ ಮೇಜರ್ ಬಗ್ಗೆ ನನಗೆ ಪಕ್ಷಪಾತ ಇರಬಹುದು. ಫಿಸಿಕಲ್ ಕೆಮಿಸ್ಟ್ರಿಯ ಕ್ವಾಂಟಮ್, ಥರ್ಮೋಡೈನಮಿಕ್ಸ್ ಸುಲಭ ಅಲ್ಲವೇ ಅಲ್ಲ. ಆದರೆ ಮೂರನೇ ವರ್ಷದಲ್ಲಿ ಕ್ಲಾಸ್ ಚಿಕ್ಕದಾಗುತ್ತದೆ. ಲ್ಯಾಬಿನಲ್ಲಿ ಮಗು ಹೇಗೆ ಕೆಲಸ ಮಾಡುತ್ತದೆ ಅಂತ ನಮಗೆ ಕಾಣುತ್ತದೆ.

ಇಂಗ್ಲಿಷ್, ಇತಿಹಾಸ, ತತ್ವಶಾಸ್ತ್ರ ಅಂದ ತಕ್ಷಣ ನಮ್ಮವರ ಮುಖ ಬಾಡುತ್ತದೆ. ಅದು ನನಗೆ ಬೇಸರದ ಸಂಗತಿ. ಹ್ಯುಮಾನಿಟೀಸ್ ಓದಿ ಅರ್ಜಿ ಹಾಕಿದವರಲ್ಲಿ ಸೀಟು ಸಿಗುವವರ ಪ್ರಮಾಣ ಬಯಾಲಜಿಯವರಿಗಿಂತ ಕಡಿಮೆ ಏನಿಲ್ಲ. ನ್ಯೂಯಾರ್ಕ್‌ನ ಮೌಂಟ್ ಸೈನಾಯ್ ಮೆಡಿಕಲ್ ಸ್ಕೂಲ್ 1987ರಲ್ಲೇ ಒಂದು ಪ್ರಯೋಗ ಶುರು ಮಾಡಿತು. ಹ್ಯುಮಾನಿಟೀಸ್, ಸೋಷಿಯಲ್ ಸೈನ್ಸ್ ವಿದ್ಯಾರ್ಥಿಗಳನ್ನು ಎಂಕ್ಯಾಟ್ ಇಲ್ಲದೆ, ಫಿಸಿಕ್ಸ್, ಆರ್ಗ್ಯಾನಿಕ್‌ನ ಪೂರ್ತಿ ಹೊರೆ ಇಲ್ಲದೆ ಸೇರಿಸಿಕೊಂಡರು. 2010ರಲ್ಲಿ ಬಂದ ಅಧ್ಯಯನದಲ್ಲಿ ಆ ಮಕ್ಕಳು ಒಟ್ಟಾರೆ ಉಳಿದವರಿಗೆ ಸರಿಸಮವಾಗಿಯೇ ಓದಿದ್ದು ಕಂಡಿತು. 1989ರಲ್ಲಿ ನೊಬೆಲ್ ಪಡೆದ ಹೆರಾಲ್ಡ್ ವಾರ್ಮಸ್ ಡಿಗ್ರಿ ಓದಿದ್ದು ಇಂಗ್ಲಿಷ್ ಸಾಹಿತ್ಯ. ಎಂಕ್ಯಾಟ್‌ನಲ್ಲಿ ಕಾರ್ಸ್ ಅನ್ನುವ ಓದಿನ ಭಾಗ ಇದೆ. 90 ನಿಮಿಷದಲ್ಲಿ 53 ಪ್ರಶ್ನೆ. ಸೈನ್ಸ್ ಮಕ್ಕಳು ಬೆವರುವುದು ಅಲ್ಲೇ. ದಿನಾ ಕಷ್ಟದ ಗದ್ಯ ಓದಿ ರೂಢಿ ಇದ್ದವರಿಗೆ ಆ ಭಯ ಕಮ್ಮಿ.

ಆದರೆ ಇದನ್ನು ಈಸಿ ಮೇಜರ್ ಅಂತ ತಿಳಿದು ಹೋಗಬೇಡಿ. ವಾರಕ್ಕೆ ನೂರಾರು ಪುಟ ಓದು, ಪ್ರಬಂಧದ ಮೇಲೆ ಪ್ರಬಂಧ. ಸೈನ್ಸ್ ಪಟ್ಟಿ ಪೂರ್ತಿ ಡಿಗ್ರಿಯ ಹೊರಗೆ ಉಳಿಯುತ್ತದೆ.

ನರ್ಸಿಂಗ್ ಬಗ್ಗೆಯೂ ಕೇಳುತ್ತಾರೆ. ಒಳ್ಳೆಯ ಓದು, ಒಳ್ಳೆಯ ಕೆಲಸ. ಆದರೆ ನರ್ಸಿಂಗ್‌ಗೆ ಅಂತ ಕಲಿಸುವ ಕೆಮಿಸ್ಟ್ರಿಯನ್ನು ಹೆಚ್ಚಿನ ಮೆಡಿಕಲ್ ಸ್ಕೂಲ್‌ಗಳು ಒಪ್ಪುವುದಿಲ್ಲ, ಮತ್ತೆ ಮಾಡಬೇಕಾಗುತ್ತದೆ.

ಈಗ ಯಾರೂ ಜೋರಾಗಿ ಮಾತಾಡದ ವಿಷಯಕ್ಕೆ ಬರುತ್ತೇನೆ. 2023ರಲ್ಲಿ ಅರ್ಜಿ ಹಾಕಿದವರು ಸುಮಾರು 52,000. ಸೇರಿದವರು ಸುಮಾರು 23,000. ಅಂದರೆ ಅರ್ಧಕ್ಕಿಂತ ಹೆಚ್ಚು ಮಕ್ಕಳು ಆ ವರ್ಷ ಸೇರಲಿಲ್ಲ. ಅದಕ್ಕೂ ಮೊದಲು, ಅರ್ಜಿ ಹಾಕುವ ಹಂತಕ್ಕೂ ಬರದೆ ದಾರಿ ಬದಲಿಸಿದವರು ಎಷ್ಟೋ ಜನ. ಆ ಮಕ್ಕಳ ಕೈಯಲ್ಲಿ ಉಳಿಯುವುದು ಮೇಜರ್ ಒಂದೇ. ಮೆಡಿಕಲ್ ಸಿಗದಿದ್ದರೂ ಇದನ್ನು ಓದಿದ್ದಕ್ಕೆ ಖುಷಿ ಇರುತ್ತದಾ, ಇದರಿಂದ ಕೆಲಸ ಸಿಗುತ್ತದಾ ಅಂತ ಮೊದಲ ವರ್ಷವೇ ಕೇಳಿಕೊಳ್ಳಬೇಕು.

ಎಚ್-4, ಅಂದರೆ ಎಚ್-1ಬಿ ಕೆಲಸಗಾರರ ಕುಟುಂಬದ ವೀಸಾದಲ್ಲಿ ಮಕ್ಕಳಿರುವ ಮನೆಗಳಿಗೆ ಇದು ಇನ್ನೂ ಗಂಭೀರ. ಹೆಚ್ಚಿನ ಮೆಡಿಕಲ್ ಸ್ಕೂಲ್‌ಗಳು ಸಿಟಿಜನ್ ಅಥವಾ ಗ್ರೀನ್ ಕಾರ್ಡ್ ಇದ್ದವರನ್ನೇ ತೆಗೆದುಕೊಳ್ಳುತ್ತವೆ. ಮಗುವಿಗೆ 21 ತುಂಬಿದ ದಿನ ಎಚ್-4 ಹೋಗುತ್ತದೆ, ಎಫ್-1 ವಿದ್ಯಾರ್ಥಿ ವೀಸಾಗೆ ಬರಬೇಕು. ಡಿಗ್ರಿ ಆದ ಮೇಲೆ ಕೆಲಸ ಮಾಡಲು ಓಪಿಟಿ ಅನ್ನುವ ಅನುಮತಿ 12 ತಿಂಗಳು. ಮೇಜರ್ ಸ್ಟೆಮ್ (ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್, ಗಣಿತ) ಪಟ್ಟಿಯಲ್ಲಿದ್ದರೆ ಮಾತ್ರ ಇನ್ನೂ 24 ತಿಂಗಳು ಸಿಗಬಹುದು. ಹೀಗಾಗಿ ಇತಿಹಾಸ ಓದಬೇಕು ಅಂತ ಮನಸ್ಸಿರುವ ಎಚ್-4 ಮಗುವಿಗೆ ನಾನು ಸುಮ್ನೆ "ಇಷ್ಟ ಬಂದದ್ದು ಓದಮ್ಮ" ಅಂತ ಹೇಳಲಾರೆ. ಇತಿಹಾಸದ ಜೊತೆ ಸ್ಟ್ಯಾಟಿಸ್ಟಿಕ್ಸ್ ಅಥವಾ ನ್ಯೂರೋಸೈನ್ಸ್ ಸೇರಿಸಿ ಎರಡು ಮೇಜರ್ ಮಾಡಲು ಆಗುತ್ತದಾ ನೋಡು ಅನ್ನುತ್ತೇನೆ. ಇಲ್ಲೇ ಹುಟ್ಟಿದ ಮಗುವಿಗೆ ಈ ಲೆಕ್ಕ ಬೇಕಿಲ್ಲ. ಒಂದೇ ಕೂಟದಲ್ಲಿ ಕೂತ ಎರಡು ಮನೆಗಳಿಗೆ ನನ್ನ ಸಲಹೆ ಬೇರೆ ಬೇರೆ ಇರುವುದು ಇದಕ್ಕೇ. ದಯವಿಟ್ಟು ಒಬ್ಬರ ಮಗನನ್ನು ನೋಡಿ ಇನ್ನೊಬ್ಬರ ಮಗಳಿಗೆ ಮೇಜರ್ ಹೇಳಬೇಡಿ.

ಕಾಲೇಜು ನೋಡಲು ಹೋದಾಗ ಮೂರು ವಿಷಯ ಕೇಳಿ ಬನ್ನಿ. ಆರ್ಗ್ಯಾನಿಕ್ ಕ್ಲಾಸಿನಲ್ಲಿ ಎಷ್ಟು ಜನ ಇರುತ್ತಾರೆ, ಸರಾಸರಿ ಗ್ರೇಡ್ ಏನು? ಅರ್ಜಿಗೆ ಕಾಲೇಜಿನ ಕಮಿಟಿ ಶಿಫಾರಸು ಪತ್ರ ಕೊಡುತ್ತದಾ, ಯಾರಿಗೆ ಕೊಡುವುದಿಲ್ಲ? ಎರಡನೇ ವರ್ಷದಲ್ಲಿ ಮೇಜರ್ ಬದಲಿಸಿದರೆ ನಾಲ್ಕು ವರ್ಷದಲ್ಲಿ ಮುಗಿಯುತ್ತದಾ? ಮಗು ಆಗಲೇ ಸೇರಿದ್ದರೆ, ಸೆಮಿಸ್ಟರ್‌ವಾರು ಕೋರ್ಸ್ ಪ್ಲಾನ್ ನನಗೆ ಇನ್‌ಬಾಕ್ಸ್ ಮಾಡಿಸಿ. ಮಗುವೇ ಕಳಿಸಲಿ, ನಾನು ಕೂತು ನೋಡುತ್ತೇನೆ.