‘ಎಂದು’ ನಂಬುವವರು, ‘ಅನ್ನು’ ನಂಬುವವರು

ಅನಂತಪುರದ ಬಬಿಯಾ ಸತ್ತದ್ದು 2022ರ ಅಕ್ಟೋಬರ್‌ನಲ್ಲಿ. ಕಾಸರಗೋಡಿನ ಕುಂಬಳೆ ಹತ್ತಿರದ ಕೆರೆ ದೇವಸ್ಥಾನದ ಮೊಸಳೆ, ನೈವೇದ್ಯ ಮಾತ್ರ ತಿನ್ನುತ್ತದೆ ಅಂತ ಹೆಸರಾದದ್ದು, ಗೊತ್ತಲ್ವಾ? ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದರು, ಜನ ಸಾಲು ನಿಂತು ನೋಡಿದರು. ನಾನೂ ನಿಂತಿದ್ದೆ. ರಾತ್ರಿಗೆ ಎಲ್ಲ ಕಡೆ ಒಂದೇ ಜಗಳ. ಮೊಸಳೆ ಸಸ್ಯಾಹಾರಿ ಆಗಲು ಸಾಧ್ಯವಾ, ಅಷ್ಟು ದೊಡ್ಡ ಕೆರೆಯಲ್ಲಿ ಮೀನು ಮುಟ್ಟದೆ ಇದ್ದೀತಾ ಅಂತ. ಸುಳ್ಳು ಯಾಕೆ ಹೇಳಲಿ, ನಾನೂ ಸೇರಿಕೊಂಡು ಜೋರಾಗಿಯೇ ವಾದ ಮಾಡಿದೆ.

ನೈವೇದ್ಯದ ಅನ್ನ ಅದರ ಬಾಯಿಗೆ ಹಾಕುವುದನ್ನು ಅಮ್ಮ ಎಷ್ಟೋ ಸಲ ನೋಡಿದವಳು. ಅವಳಲ್ಲಿ ಕೇಳಿದೆ. "ನನಗೆಂತ ಗೊತ್ತು ಮಗಾ, ನಾನು ಕೆರೆಯೊಳಗೆ ಹೋಗಿ ನೋಡಿದ್ದೇನಾ? ಕರೆದರೆ ಬರ್ತಿತ್ತು."

ಆವತ್ತಿನಿಂದ ಒಂದು ವಿಷಯ ತಲೆಯಲ್ಲಿ ಕೊರೆಯುತ್ತಾ ಇದೆ. ದೇವರು ಇದ್ದಾನೆ ‘ಎಂದು’ ನಂಬುವುದು ಬೇರೆ, ದೇವರ‘ನ್ನು’ ನಂಬುವುದು ಬೇರೆ. ಅಣ್ಣ ನಾಳೆ ಬರುತ್ತಾನೆ ಎಂದು ನಂಬಿದ್ದೆ, ಬರಲಿಲ್ಲ, ಅಲ್ಲಿಗೆ ಆ ನಂಬಿಕೆ ಮುಗಿಯಿತು. ಅಣ್ಣನನ್ನು ನಂಬಿದ್ದರೆ ಅವನು ಬಾರದಿದ್ದರೂ ಅದು ಹಾಗೇ ಉಳಿಯುತ್ತದೆ. ಮೋಸ ಹೋಗುವುದೂ ಇಲ್ಲಿಯೇ ಜಾಸ್ತಿ, ಅದು ಬೇರೆ ಮಾತು.

ನಮ್ಮ ಕಡೆಯ ತುಳುವಿನಲ್ಲಿ ಇದು ಇನ್ನೂ ಸಲೀಸು. ದೈವವನ್ನು ‘ನಂಬುನು’ ಅಂದರೆ ದೀಪ ಇಡುವುದು, ತಂಬಿಲ ಅಂದರೆ ಪೂಜೆ ಕೊಡುವುದು, ಕೋಲ ಅಂದರೆ ವೇಷ ಕಟ್ಟಿ ಕುಣಿಯುವ ಸೇವೆ ಕೊಡುವುದು. ತಲೆಗಿಂತ ಕೈಕಾಲಿಗೇ ಅದರಲ್ಲಿ ಕೆಲಸ ಜಾಸ್ತಿ. ‘ನಿಮ್ಮಲ್ಲಿ ಯಾವ ದೈವ ನಂಬುವುದು’ ಅಂತ ಕೇಳುತ್ತಾರೆಯೇ ಹೊರತು ಅದು ಇದೆಯಾ ಅಂತ ಯಾರೂ ಕೇಳುವುದಿಲ್ಲ. ಮಂಜೇಶ್ವರದ ಉದ್ಯಾವರ ಮಾಡದ (ದೈವಸ್ಥಾನದ) ಅರಸು ದೈವಗಳು ಉತ್ಸವಕ್ಕೆ ಮೊದಲು ಮಸೀದಿಗೆ ಹೋಗಿ ಆಮಂತ್ರಣ ಕೊಟ್ಟು ಬರುತ್ತವೆ. ಮಸೀದಿಯವರು ಮರ್ಯಾದೆಯಿಂದ ಬರಮಾಡಿಕೊಳ್ಳುತ್ತಾರೆ. ‘ಎಂದು’ಗಳನ್ನು ಎದುರುಬದುರು ಇಟ್ಟು ಲೆಕ್ಕ ಹಾಕಲು ಕೂತಿದ್ದರೆ ಇದೆಲ್ಲ ನಡೆಯುತ್ತಿತ್ತಾ?

ನನ್ನದು ಹೆಚ್ಚಾಗಿ ‘ಎಂದು’ ನಂಬಿಕೆಯೇ ಆಗಿತ್ತು. ಅದು 2020ರಲ್ಲಿ ಹೋಯಿತು. ಕೊರೊನಾ ಅಂತ ಕೇರಳ-ಕರ್ನಾಟಕದ ನಡುವಿನ ತಲಪಾಡಿ ಗಡಿ ಮುಚ್ಚಿದ್ದರು, ಒಳದಾರಿಗಳಿಗೆ ಮಣ್ಣು ಸುರಿದಿದ್ದರು. ಅಪ್ಪನ ಚಿಕಿತ್ಸೆ ಮಂಗಳೂರಿನಲ್ಲಿ. ಎಷ್ಟು ಕಡೆ ಫೋನ್ ಮಾಡಿದೆನೋ ಲೆಕ್ಕ ಇಲ್ಲ. ಅಮ್ಮ ಒಂದು ನಾಣ್ಯವನ್ನು ಬಟ್ಟೆಯಲ್ಲಿ ಕಟ್ಟಿ ದೇವರ ಕೋಣೆಯಲ್ಲಿಟ್ಟು ಮಧೂರು ಗಣಪತಿಗೆ ಅಪ್ಪ ಸೇವೆ, ಅಂದರೆ ಸಿಹಿ ಅಪ್ಪದ ನೈವೇದ್ಯ, ಹೇಳಿಕೊಂಡಳು. ಅಪ್ಪ ಉಳಿಯಲಿಲ್ಲ.

ವರ್ಷಾಂತಿಕ ಕಳೆದ ಮೇಲೆ ಅವಳು ಆ ಗಂಟು ಹಿಡಿದುಕೊಂಡು ಮಧೂರಿಗೆ ಹೊರಟಳು. ನನಗೆ ಸಿಟ್ಟು ನೆತ್ತಿಗೇರಿತು. "ಎಂತಕ್ಕೆ ಕೊಡುವುದು? ಅವನು ಮಾಡಿದ್ದಾದರೂ ಎಂತ?" ಅಂದೆ.

ಅವಳು ಚಪ್ಪಲಿ ಹಾಕುತ್ತಾ ಹೇಳಿದಳು, "ಗುಣ ಆದರೆ ಕೊಡ್ತೇನೆ ಅಂತ ನಾನು ಹೇಳಲೇ ಇಲ್ಲ. ಕೊಡ್ತೇನೆ ಅಂತ ಹೇಳಿದ್ದು."

ನಾನು ಸುಮ್ನೆ ಹಿಂದೆ ಹೋದೆ. ಬರುವಾಗ ಬಸ್ಸಿನಲ್ಲಿ ಬಾಳೆಲೆಯ ಕಟ್ಟು ಅವಳ ಮಡಿಲಲ್ಲಿ, ಅಪ್ಪದ ಜಿಡ್ಡು ಸೀರೆಗೆ ಇಳಿದಿತ್ತು. ಪಕ್ಕದ ಮನೆಗೆ ಇಷ್ಟು, ಅಕ್ಕನ ಮಕ್ಕಳಿಗೆ ಇಷ್ಟು ಅಂತ ಪಾಲು ಮಾಡುತ್ತಾ "ಇದೆರಡು ಇವರಿಗೆ" ಅಂದುಬಿಟ್ಟಳು. ಸ್ವಲ್ಪ ಹೊತ್ತು ಕಿಟಕಿಯ ಹೊರಗೆ ನೋಡಿದಳು. ಆಮೇಲೆ ಆ ಎರಡನ್ನೂ ನನ್ನ ಕೈಗೆ ಹಾಕಿ, "ತಿನ್ನು, ಬೆಳಿಗ್ಗೆಯಿಂದ ಎಂತದ್ದೂ ತಿನ್ನಲಿಲ್ಲ ನೀನು" ಅಂದಳು.