ಮೃದು ಶಕ್ತಿಯೂ ಕಡಲಿನ ಸೆಳೆತವೂ

ಕಳೆದ ವಾರ ಪದವಿ ತರಗತಿಯಲ್ಲಿ ಅಂತಾರಾಷ್ಟ್ರೀಯ ಸಂಬಂಧಗಳ ಪಾಠ. ಬೋರ್ಡಿನ ಮೇಲೆ ‘ಮೃದು ಶಕ್ತಿ’ ಅಂತ ಬರೆದೆ. ಹಿಂದಿನ ಬೆಂಚಿನ ಹುಡುಗಿ ಕೇಳಿದಳು, “ಮೃದು ಶಕ್ತಿ ಅಂದ್ರೆ ಶಕ್ತಿ ಕಮ್ಮಿ ಅಂತನಾ ಸರ್?” ಇಡೀ ಕ್ಲಾಸು ನಕ್ಕಿತು, ನಾನೂ ನಕ್ಕೆ. ಬೈಕಲ್ಲಿ ಮನೆಗೆ ಬರುವಾಗ ಅನ್ನಿಸಿತು, ತಪ್ಪು ಅವಳದಲ್ಲ, ಪದದ್ದು.

ಸಾಫ್ಟ್ ಪವರ್ ಅನ್ನುವ ಮಾತನ್ನು 1990ರಲ್ಲಿ ಚಲಾವಣೆಗೆ ತಂದವರು ಅಮೆರಿಕದ ರಾಜ್ಯಶಾಸ್ತ್ರಜ್ಞ ಜೋಸೆಫ್ ನೈ. ಹೆದರಿಸದೆ, ದುಡ್ಡು ಚೆಲ್ಲದೆ, ನಮಗೆ ಬೇಕಾದದ್ದು ಎದುರಿನವನಿಗೂ ಬೇಕು ಅನ್ನಿಸುವಂತೆ ಮಾಡುವುದು. ಇದರಲ್ಲಿ ಮೃದು ಏನು ಬಂತು? ಕಾರವಾರದವರ ಬಾಯಲ್ಲಿ ಇದಕ್ಕೆ ಪದ ಮೊದಲಿಂದ ಇದೆ: ಸೆಳೆತ. ಮಳೆಗಾಲದಲ್ಲಿ ದಂಡೆಯಿಂದ ಪ್ರವಾಸಿಗರಿಗೆ ಕೂಗುತ್ತಾರಲ್ಲ, “ಸೆಳೆತ ಜೋರಿದೆ, ಇಳೀಬೇಡಿ” ಅಂತ. ಮೇಲೆ ನೋಡಿದರೆ ನೀರು ಸುಮ್ಮನೆ ಇರುತ್ತದೆ, ಪಾದದಡಿಯ ಮರಳು ಮಾತ್ರ ಸರಸರ ಜಾರುತ್ತಿರುತ್ತದೆ.

‘ಸಾರ್ವಜನಿಕ ರಾಜತಾಂತ್ರಿಕತೆ’ಯದ್ದು ಇನ್ನೊಂದು ಗೋಳು. ಕೇಳಿದವರು ಬಹಿರಂಗ ಸಭೆಯಲ್ಲಿ ನಡೆಯುವ ಮಾತುಕತೆ ಅಂದುಕೊಳ್ಳುತ್ತಾರೆ. 1965ರಲ್ಲಿ ಅಮೆರಿಕದ ಮಾಜಿ ರಾಯಭಾರಿ ಎಡ್ಮಂಡ್ ಗಲಿಯನ್ ಈ ಹೆಸರಿಟ್ಟದ್ದು ಸರ್ಕಾರವೊಂದು ಪರದೇಶದ ಸರ್ಕಾರವನ್ನು ದಾಟಿ ಅಲ್ಲಿನ ಜನರ ಅಭಿಪ್ರಾಯವನ್ನೇ ಮುಟ್ಟುವ ಕೆಲಸಕ್ಕೆ. ಕಲೆ, ಭಾಷೆ, ಓದು, ಊಟದ ದಾರಿಯಲ್ಲಿ ಅದನ್ನು ಮಾಡಿದರೆ ಸಾಂಸ್ಕೃತಿಕ ರಾಜತಾಂತ್ರಿಕತೆ. ಯುದ್ಧದಲ್ಲಿ ಜರ್ಮನರೆದುರು ಸೋತ ಫ್ರಾನ್ಸಿನಲ್ಲಿ 1883ರಲ್ಲಿ ಅಲಿಯಾನ್ಸ್ ಫ್ರಾನ್ಸೇಸ್ ಹುಟ್ಟಿತು, ಫ್ರೆಂಚ್ ಭಾಷೆಯನ್ನು ಹೊರಗೆ ಕಲಿಸಲು. ಕತ್ತಿ ಮೊಂಡಾದ ಮೇಲೆ ನಾಲಗೆ ನೆನಪಾಯಿತು ಅನ್ನಿ.

ನಮ್ಮೂರು ಕಾರವಾರದಲ್ಲಿ ಇದರ ಪಾಠಕ್ಕೆ ಪುಸ್ತಕವೇ ಬೇಡ. ಟಾಗೋರ್ ಕಡಲತೀರದಲ್ಲಿ ಸೋವಿಯತ್ ನಿರ್ಮಿತ ಕ್ಷಿಪಣಿ ನೌಕೆ ‘ಚಪಲ್’ ವಸ್ತುಸಂಗ್ರಹಾಲಯವಾಗಿ ಕೂತಿದೆ. ಮಕ್ಕಳು ಅದರೆದುರು ಸೆಲ್ಫಿ ತೆಗೆದುಕೊಳ್ಳುತ್ತಾರೆ. ದಂಡೆಗೆ ಹೆಸರು ಮಾತ್ರ, ಅಣ್ಣ ಇಲ್ಲಿ ಜಡ್ಜ್ ಆಗಿದ್ದಾಗ ಬಂದು ಉಳಿದಿದ್ದ ಒಬ್ಬ ಬಂಗಾಳಿ ಕವಿಯದು. ಹೆದರಿಸುವ ಬಲ, ಸೆಳೆಯುವ ಬಲ ಎರಡೂ ಬೇಕು ಅನ್ನುವವರು ಅದನ್ನು ಸ್ಮಾರ್ಟ್ ಪವರ್ ಅನ್ನುತ್ತಾರೆ. ಈ ಪದಕ್ಕೆ ಕನ್ನಡ ಹುಡುಕುವ ಉಮೇದು ನನಗಿಲ್ಲ, ಬಿಡಿ.

ನನ್ನ ತಕರಾರು ಬೇರೆ. ಭಾಷಣಗಳಲ್ಲಿ ಸಾಂಸ್ಕೃತಿಕ ರಾಜತಾಂತ್ರಿಕತೆ ಅಂದರೆ ನಮ್ಮದನ್ನು ತೋರಿಸುವುದು ಅಂತಷ್ಟೇ ಆಗಿಬಿಟ್ಟಿದೆ. 2014ರಲ್ಲಿ ಯೋಗ ದಿನದ ನಿರ್ಣಯಕ್ಕೆ ವಿಶ್ವಸಂಸ್ಥೆಯಲ್ಲಿ 177 ದೇಶಗಳು ಸಹಪ್ರಾಯೋಜಕರಾದವು. ಸಂತೋಷ. ಆ ದೇಶಗಳಿಂದ ನಾವು ಏನು ಕಲಿತೆವು ಅಂತ ಯಾರಾದರೂ ಕೇಳಿದ್ದಾರಾ? ಮೌಲಾನಾ ಆಜಾದರು 1950ರಲ್ಲಿ ಕಟ್ಟಿದ ಸಂಸ್ಥೆಯ ಹೆಸರು ಭಾರತೀಯ ಸಾಂಸ್ಕೃತಿಕ ಸಂಬಂಧಗಳ ಪರಿಷತ್ತು. ಪ್ರದರ್ಶನ ಅಲ್ಲ, ಪ್ರಚಾರ ಅಲ್ಲ, ಸಂಬಂಧ. ನಮ್ಮ ಕಡೆ ಹಿರಿಯರು ‘ಕೊಟ್ಟು ತಂದ ಮನೆ’ ಅನ್ನುತ್ತಾರೆ. ಹೆಣ್ಣು ಕೊಟ್ಟಿದ್ದೂ ಉಂಟು, ತಂದಿದ್ದೂ ಉಂಟು. ಅಂಥ ಎರಡು ಮನೆ ಜಗಳಾಡಿದರೂ ಬಾಗಿಲು ಪೂರ್ತಿ ಮುಚ್ಚುವುದಿಲ್ಲ.

ಇನ್ನೊಂದು, ಮನೆಯೊಳಗೆ ಕೊಳಕಿಟ್ಟು ಅಂಗಳಕ್ಕೆ ರಂಗೋಲಿ ಹಾಕಿದರೆ ನಡೆಯುವುದಿಲ್ಲ. ಶೀತಲ ಸಮರದ ಕಾಲದಲ್ಲಿ ಅಮೆರಿಕ ತನ್ನ ಜಾಝ್ ಕಲಾವಿದರನ್ನು ದೇಶದೇಶಕ್ಕೆ ಕಳಿಸಿತು, 1956ರಲ್ಲಿ ಡಿಜ್ಜಿ ಗಿಲೆಸ್ಪಿಯ ತಂಡ ಹೊರಟಿತ್ತು. ಮರುವರ್ಷ ಅದೇ ಅಮೆರಿಕದ ಲಿಟಲ್ ರಾಕ್‌ನ ಶಾಲೆಗೆ ಒಂಬತ್ತು ಕಪ್ಪು ಮಕ್ಕಳನ್ನು ಸೇರಿಸಲು ಅಲ್ಲಿನ ಗವರ್ನರ್ ಬಿಡಲಿಲ್ಲ. ಕಪ್ಪು ಜಾಝ್ ಕಲಾವಿದ ಲೂಯಿ ಆರ್ಮ್‌ಸ್ಟ್ರಾಂಗ್ ಸಿಟ್ಟಾಗಿ, ಸರ್ಕಾರದ ಪರವಾಗಿ ಹೋಗಬೇಕಿದ್ದ ಸೋವಿಯತ್ ಪ್ರವಾಸಕ್ಕೆ ಒಲ್ಲೆ ಅಂದ.

ಸೇನೆಯೂ ಇಲ್ಲದ, ದೇಶವೂ ಕೈಲಿಲ್ಲದ ಜನ ಸೆಳೆಯುವುದನ್ನು ನೋಡಬೇಕಾದರೆ ಮುಂಡಗೋಡಕ್ಕೆ ಹೋಗಿ. 1966ರಿಂದ ಟಿಬೆಟನ್ನರು ಅಲ್ಲಿದ್ದಾರೆ. ಹೋದ ಚಳಿಗಾಲ ಅಲ್ಲಿಯ ಕ್ಯಾಂಪಿನ ಒಂದು ಪುಟ್ಟ ಅಂಗಡಿಯಲ್ಲಿ ಶಿರಸಿಯ ಹುಡುಗರು ಮೊಮೊ ಚಟ್ನಿಗೆ ಮೂಗು ಒರೆಸಿಕೊಳ್ಳುತ್ತಿದ್ದರು. ಅಂಗಡಿಯಾಕೆ ಚಿಲ್ಲರೆ ಎಣಿಸುತ್ತಾ, “ಖಾರ ಆಯ್ತನ್ರೀ? ಮಜ್ಜಿಗೆ ಕುಡೀರಿ” ಅಂದಳು, ಅಪ್ಪಟ ಮುಂಡಗೋಡ ಕನ್ನಡದಲ್ಲಿ. ಯಾವ ವಿದೇಶಾಂಗ ಸಚಿವಾಲಯವೂ ಕಳಿಸಿದ್ದಲ್ಲ ಅದು.

ಆ ಪಾಠದ ಮರುದಿನ ಕ್ಲಾಸಿನಲ್ಲಿ ಮೃದು ಶಕ್ತಿಯ ಪಕ್ಕ ‘ಸೆಳೆತ’ ಅಂತ ಬರೆದೆ. ಅದೇ ಹುಡುಗಿ ತಲೆ ಎತ್ತಿ, “ಹಂಗಾರೆ ಮುಳುಗಿಸ್ತದೆ ಕೂಡ ಅಲ್ವಾ ಸರ್?” ಅಂದಳು. ಹೌದು ಅಂದೆ. ಪರೀಕ್ಷೆಯಲ್ಲಿ ಮಾತ್ರ ಮೃದು ಶಕ್ತಿ ಅಂತಲೇ ಬರಿ, ಇಲ್ಲದಿದ್ದರೆ ಮಾರ್ಕ್ಸ್ ಕೊಡುವುದಿಲ್ಲ ಅಂತಲೂ ಹೇಳಿದೆ.