ಅಮೆರಿಕದ ಒಕ್ಕೂಟ ಬಿಡುವ ಹಕ್ಕು ಅಲ್ಲಿನ ದಕ್ಷಿಣದ ರಾಜ್ಯಗಳಿಗೆ ಇತ್ತೇ?

ಗುಲಾಮಗಿರಿ ಇಟ್ಟುಕೊಂಡಿದ್ದ ಈ ರಾಜ್ಯಗಳು 1860-61ರಲ್ಲಿ ಒಕ್ಕೂಟ ಬಿಟ್ಟು ಹೊರಟವು, ಅದೇ ಅಂತರ್ಯುದ್ಧಕ್ಕೆ ದಾರಿಯಾಯಿತು.

ಪರ

ಅಮೆರಿಕದ ಸಂವಿಧಾನವನ್ನು ಪೂರ್ತಿ ಓದಿ ನೋಡಿ. ಸೇರಿದ ರಾಜ್ಯ ಬಿಟ್ಟು ಹೋಗಬಾರದು ಅಂತ ಎಲ್ಲೂ ಬರೆದಿಲ್ಲ. 1788ರಲ್ಲಿ ವರ್ಜೀನಿಯಾ ಒಪ್ಪಿಗೆ ಕೊಡುವಾಗಲೇ ಒಂದು ಮಾತು ಸೇರಿಸಿತ್ತು: ಕೊಟ್ಟ ಅಧಿಕಾರ ಜನರನ್ನೇ ತುಳಿಯಲು ಬಳಕೆಯಾದರೆ ಜನ ಅದನ್ನು ವಾಪಸ್ ಪಡೆಯಬಹುದು. ಬ್ರಿಟನ್ನಿನಿಂದ ಬಿಡಿಸಿಕೊಂಡೇ ಹುಟ್ಟಿದ ದೇಶ ಅದು. ಒಲ್ಲದವರನ್ನು ಬಂದೂಕು ತೋರಿಸಿ ಉಳಿಸಿಕೊಂಡರೆ ಅದು ಒಕ್ಕೂಟ ಹೇಗಾಗುತ್ತದೆ?

ಗುಲಾಮಗಿರಿ ಘೋರ ಪಾಪ, ಅದರಲ್ಲಿ ಎರಡು ಮಾತಿಲ್ಲ. ಆದರೆ ಕೆಟ್ಟವರು ಬಳಸಿದರು ಅಂತ ಹಕ್ಕೇ ಇಲ್ಲವಾಗುತ್ತದಾ? ಗುಲಾಮರ ಒಡೆಯರ ಜೊತೆ ಒಕ್ಕೂಟವೇ ಬೇಡ, ಉತ್ತರದ ರಾಜ್ಯಗಳೇ ಹೊರಬರಲಿ ಎಂದು ಗುಲಾಮಗಿರಿಯ ವಿರುದ್ಧ ಹೋರಾಡುತ್ತಿದ್ದ ಬೋಸ್ಟನ್ನಿನ ವಿಲಿಯಂ ಲಾಯ್ಡ್ ಗ್ಯಾರಿಸನ್ 1840ರ ದಶಕದಲ್ಲೇ ಹೇಳುತ್ತಿದ್ದರು. ಉತ್ತರ ಹಾಗೆ ಹೊರಟಿದ್ದರೆ ನಾವು ತಡೆಯುತ್ತಿದ್ದೆವಾ?

ವಿರೋಧ

‘ರಾಜ್ಯ ಹೊರಟಿತು’ ಅಂತ ಸುಲಭವಾಗಿ ಹೇಳಿಬಿಡುತ್ತೇವೆ. ರಾಜ್ಯ ಅಂದರೆ ಯಾರು? ಎಲ್ಲರಿಗಿಂತ ಮೊದಲು, 1860ರ ಡಿಸೆಂಬರ್ 20ರಂದು, ಹೊರಟಿದ್ದು ದಕ್ಷಿಣ ಕೆರೊಲಿನಾ. ಆ ವರ್ಷದ ಜನಗಣತಿಯಂತೆ ಅಲ್ಲಿದ್ದವರು ಸುಮಾರು 7 ಲಕ್ಷ. ಅದರಲ್ಲಿ 4 ಲಕ್ಷಕ್ಕೂ ಜಾಸ್ತಿ ಜನ ಗುಲಾಮರು. ಅವರನ್ನು ಯಾರೂ ಕೇಳಲಿಲ್ಲ. ವರ್ಜೀನಿಯಾ ಹೇಳಿದ ‘ಜನ’ ಇವರಲ್ವಾ?

ಆ ಗಣತಿಯಲ್ಲಿ ಗುಲಾಮರದ್ದೇ ಬೇರೆ ಪಟ್ಟಿ ಇತ್ತು. ಒಡೆಯನ ಹೆಸರು ಬರೆದಿರುತ್ತದೆ. ಅದರ ಕೆಳಗೆ ಸಾಲಾಗಿ ವಯಸ್ಸು, ಗಂಡೋ ಹೆಣ್ಣೋ, ಮೈಬಣ್ಣ. ಗುಲಾಮರ ಹೆಸರಿಗೆ ಅಲ್ಲಿ ಜಾಗವೇ ಇಲ್ಲ. ಎಳೆ ಮಗುವಾದರೂ ಅಷ್ಟೇ. ನೋಡುತ್ತಾ ಹೋದರೆ ಕರುಳು ಚುರುಕ್ ಎನ್ನುತ್ತದೆ.

ಇನ್ನು ರಾಜ್ಯಗಳ ಹಕ್ಕಿನ ಮಾತು. ಹೊರಟ ಕಾರಣ ವಿವರಿಸಿ ಕೆರೊಲಿನಾ ಹೊರಡಿಸಿದ ಘೋಷಣೆಯ ದೊಡ್ಡ ದೂರು ಏನು ಗೊತ್ತಾ? ಓಡಿಬಂದ ಗುಲಾಮರನ್ನು ಉತ್ತರದ ರಾಜ್ಯಗಳು ಹಿಡಿದೊಪ್ಪಿಸುತ್ತಿಲ್ಲ ಅಂತ! ತಮ್ಮ ನೆಲದಲ್ಲಿ ತಮ್ಮ ಕಾನೂನು ಅಂದದ್ದೇ ಉತ್ತರದವರ ತಪ್ಪು. ಓಡಿಹೋದ ಗುಲಾಮರನ್ನು ಹಿಡಿಯಲೆಂದೇ ಮಾಡಿದ 1850ರ ಕೇಂದ್ರ ಕಾನೂನಿನಲ್ಲಿ, ಸಿಕ್ಕಿಬಿದ್ದವರನ್ನು ಒಡೆಯನಿಗೆ ಒಪ್ಪಿಸಿದರೆ ವಿಚಾರಣೆ ನಡೆಸುವ ಕಮಿಷನರ್‌ಗೆ 10 ಡಾಲರ್, ಬಿಟ್ಟು ಕಳಿಸಿದರೆ 5 ಡಾಲರ್. ಅದನ್ನು ಕೇಂದ್ರದ ಬಲದಿಂದ ಉತ್ತರದ ಮೇಲೆ ಹೇರುವಾಗ ದಕ್ಷಿಣಕ್ಕೆ ರಾಜ್ಯಗಳ ಹಕ್ಕು ನೆನಪಾಗಲಿಲ್ಲ. ಗ್ಯಾರಿಸನ್ ಒಕ್ಕೂಟ ಬೇಡ ಅಂದದ್ದು ಇಂಥ ಕೆಲಸಕ್ಕೆ ಕೈ ಜೋಡಿಸಲಾರದೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ಹೇಗೆ ತೂಗೋದು?

ರಾಜ್ಯ ತನ್ನಷ್ಟಕ್ಕೆ ತಾನೇ ಹೊರಹೋಗಲಾಗದು ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 1869ರಲ್ಲಿ, ಟೆಕ್ಸಾಸ್ ಪ್ರಕರಣದಲ್ಲಿ. ಯಾರೂ ಕೇಳದಿದ್ದ ಆ ಜನ ಅದಕ್ಕೂ ಮುಂಚೆಯೇ ಉತ್ತರ ಕೊಟ್ಟಿದ್ದರು. ಕೆರೊಲಿನಾ ಕರಾವಳಿಯಲ್ಲಿ ಗುಲಾಮಗಿರಿಯಿಂದ ಬಿಡಿಸಿಕೊಂಡವರು 1862ರಲ್ಲಿ ಬಂದೂಕು ಹಿಡಿದು ಒಕ್ಕೂಟದ ಸೇನೆ ಸೇರಿದರು. ಅವರ ಪಡೆಯ ಹೆಸರು ‘ಫಸ್ಟ್ ಸೌತ್ ಕೆರೊಲಿನಾ ವಾಲಂಟಿಯರ್ಸ್’.